ಡಿಕ್ರಿ ಸಿಕ್ಕಿತು, ದುಡ್ಡು ಎಲ್ಲಿ?

ಆಸ್ಪರಿಯ ಒಬ್ಬರು ಪ್ರೋನೋಟಿನ ಮೇಲೆ ಸಾಲ ಕೊಟ್ಟು, ಅದು ಬಾರದೆ ಆದೋನಿ ಕೋರ್ಟಿನಲ್ಲಿ ದಾವೆ ಹೂಡಿ ಗೆದ್ದಿದ್ದಾರೆ ಎಂದಿಟ್ಟುಕೊಳ್ಳಿ. ಸಾಲಗಾರ ನೋಟಿಸಿಗೆ ಉತ್ತರಿಸಲಿಲ್ಲ, ಕೋರ್ಟಿಗೂ ಬರಲಿಲ್ಲ. ಹೀಗೆ ಏಕಪಕ್ಷೀಯವಾಗಿ ಬಂದ ಡಿಕ್ರಿಯ ಬಲವೇನೂ ಕಡಿಮೆಯಲ್ಲ. ಆದರೆ ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ, ವಿಷಯ ತಿಳಿದ 30 ದಿನದೊಳಗೆ ಆತ ಅದರ ರದ್ದತಿಗೆ ಅರ್ಜಿ ಹಾಕಬಹುದು. ಸಮನ್ಸ್ ಜಾರಿಯಾದ ದಾಖಲೆ ಗಟ್ಟಿಯಾಗಿರಬೇಕು ಎನ್ನುವುದು ಅದಕ್ಕೇ.

ಗೆದ್ದ ಮೇಲೆ ಕೋರ್ಟೇ ವಸೂಲಿ ಮಾಡಿಕೊಡುತ್ತದೆ ಎಂದು ಕಾಯುವವರು ಬಹಳ. ಅದು ತಾನಾಗಿ ಆಗುವುದಿಲ್ಲ. ಗೆದ್ದವರೇ ಅಮಲ್ಜಾರಿ ಅರ್ಜಿ, ಅಂದರೆ ವಕೀಲರು ‘ಇ.ಪಿ.’ ಎನ್ನುವುದನ್ನು ಹಾಕಬೇಕು. 1963ರ ಕಾಲಮಿತಿ ಕಾಯ್ದೆ ಅದಕ್ಕೆ 12 ವರ್ಷ ಕೊಟ್ಟಿದೆ. ಹಾಗೆಂದು ಸುಮ್ಮನಿರಬೇಡಿ. ಎರಡು ವರ್ಷ ದಾಟಿದರೆ ಮೊದಲು ಸಾಲಗಾರನಿಗೆ ನೋಟಿಸ್ ಹೋಗುತ್ತದೆ, ಆಸ್ತಿ ಕೈಬದಲಿಸಲು ಆತನಿಗೆ ಪುರಸೊತ್ತು ಸಿಗುತ್ತದೆ. ಜಪ್ತಿಯಾದ ಮೇಲೆ ಮಾಡಿದ ಮಾರಾಟ ಮಾತ್ರ ಡಿಕ್ರಿದಾರನ ಎದುರು ನಿಲ್ಲದು.

ಆಸ್ತಿ ಹುಡುಕುವುದೂ ಗೆದ್ದವರ ಪಾಲಿಗೇ. ಆಂಧ್ರದಲ್ಲಾದರೆ ಅಡಂಗಲ್ ಮತ್ತು 1-ಬಿ, ಕರ್ನಾಟಕದಲ್ಲಾದರೆ ಪಹಣಿ ತೆಗೆಸಿ ನೋಡಿ. ಡಿಕ್ರಿ ಹಣ 30 ದಿನ ಕಳೆದರೂ ಬಾರದಿದ್ದರೆ, ಆಸ್ತಿ ವಿವರದ ಪ್ರಮಾಣಪತ್ರ ಕೊಡುವಂತೆ ಸಾಲಗಾರನಿಗೆ ಆದೇಶಿಸಲು ಕೋರ್ಟನ್ನು ಕೇಳಬಹುದು. ಅದನ್ನೂ ಮೀರಿದರೆ ಮೂರು ತಿಂಗಳವರೆಗೆ ಸಿವಿಲ್ ಜೈಲು ಕಾದಿದೆ.

ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಈ ಸೀಮೆಯವರಿಗೆ ಗಡಿಯಾಚೆ ನಂಟೂ ಉಂಟು, ಹೊಲವೂ ಉಂಟು. ಸಾಲಗಾರನ ಹೊಲ ಬಳ್ಳಾರಿ ಕಡೆ ಇದ್ದರೆ ಆದೋನಿ ಕೋರ್ಟು ನೇರವಾಗಿ ಮುಟ್ಟುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಕಲಮಿನಂತೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಿಕೊಳ್ಳಬೇಕು. ರಾಜ್ಯ ಬೇರೆಯಾದರೂ ಕಾಗದ ಕೋರ್ಟಿನಿಂದ ಕೋರ್ಟಿಗೆ ನೇರವಾಗಿ ಹೋಗುತ್ತದೆ. ಆದರೆ ವರ್ಗಾವಣೆಯಿಂದ 12 ವರ್ಷದ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ.

ರೈತ ವಾಸವಿರುವ ಮನೆ, ಬೇಸಾಯಕ್ಕೆ ಬೇಕಾದ ಸಲಕರಣೆ, ಎತ್ತು, ಬಿತ್ತನೆ ಬೀಜ ಇವನ್ನು ಜಪ್ತಿ ಮಾಡುವಂತಿಲ್ಲ. ಹೊಲವನ್ನು ಮಾಡಬಹುದು. ಅದನ್ನು ಊರಲ್ಲಿ ಡಂಗುರ ಸಾರಿ ಜಪ್ತಿ ಮಾಡಿ, ಮುಂದೆ ಹರಾಜಿಗಿಡುತ್ತಾರೆ. ಹರಾಜು ಹಿಡಿದವರು ಅಲ್ಲೇ ಕಾಲು ಭಾಗ ಕಟ್ಟಿ, ಉಳಿದದ್ದನ್ನು 15 ದಿನದೊಳಗೆ ಕಟ್ಟಬೇಕು. ಈ ದಾರಿ ಉದ್ದ, ತಕರಾರು ಅರ್ಜಿಗಳೂ ಹೆಚ್ಚು. 2021ರಲ್ಲಿ ಬೆಂಗಳೂರಿನ ಒಂದು ಜಮೀನಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಮಲ್ಜಾರಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು, ತಡವಾದರೆ ಕಾರಣ ಬರೆದಿಡಬೇಕು ಎಂದಿತು.

ನನ್ನ ಮಟ್ಟಿಗೆ ಹೊಲಕ್ಕಿಂತ ಮೊದಲು ನೋಡಬೇಕಾದ್ದು ಬ್ಯಾಂಕ್ ಖಾತೆ, ಆಮೇಲೆ ಹತ್ತಿಯೋ ಶೇಂಗಾವೋ ಮಾರಿ ದಲಾಲಿ ಅಂಗಡಿಯಿಂದ ಸಾಲಗಾರನಿಗೆ ಬರಬೇಕಾದ ಬಾಕಿ. ಅದನ್ನು ಸಾಲಗಾರನಿಗೆ ಕೊಡದೆ ಕೋರ್ಟಿಗೆ ಕಟ್ಟುವಂತೆ ದಲಾಲಿಗೆ ನೋಟಿಸ್ ಕೊಡಿಸಬಹುದು.

ಜೈಲಿಗೆ ಹಾಕಿಸುವುದು ಕೊನೆಯ ಮಾತು. ಶಕ್ತಿಯಿದ್ದೂ ಕೊಡಲಿಲ್ಲ ಎಂಬುದನ್ನು ತೋರಿಸಬೇಕು, ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಮೂರು ತಿಂಗಳಿಗಿಂತ ಹೆಚ್ಚು ಇಡಲಾಗದು, ಅಷ್ಟು ದಿನದ ಊಟದ ಖರ್ಚು ಹಾಕಿಸಿದವರ ತಲೆಗೇ. ಬಿಡುಗಡೆಯಾದವನನ್ನು ಅದೇ ಡಿಕ್ರಿಗೆ ಮತ್ತೆ ಹಿಡಿಯುವಂತಿಲ್ಲ. ಸಾಲ ಮಾತ್ರ ಹಾಗೇ ಉಳಿಯುತ್ತದೆ.