ಬಾವಿಗಿಳಿಸಿದ ಎಂಜಿನ್, ದೋಣಿಯ ಹಿಂಬದಿಯ ಗಾಳಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಘಟಪ್ರಭೆಯ ಕಾಲುವೆ ನೀರು ಮುಟ್ಟದ ಹೊಲಗಳಿಗೆ ಬಾವಿ, ಬೋರ್‌ವೆಲ್‌ಗಳೇ ಆಸರೆ. ಬೇಸಿಗೆಯಲ್ಲಿ ಬಾವಿ ತಳ ಕಂಡಾಗ ಹೂಳು ತೆಗೆಸಬೇಕು, ಒಸರುವ ನೀರನ್ನು ಹೊರಹಾಕುತ್ತಲೇ ಇರಬೇಕು. ಕರೆಂಟ್ ಇಲ್ಲದ ಕಡೆ ಅದಕ್ಕೆ ಆಯಿಲ್ ಎಂಜಿನ್ನೇ ಗತಿ. ದಡದ ಮೇಲಿಟ್ಟರೆ ಆಳದ ನೀರು ಏಳುವುದಿಲ್ಲ. ಪಂಪು ಪೈಪಿನೊಳಗಿನ ಗಾಳಿಯನ್ನಷ್ಟೇ ಖಾಲಿ ಮಾಡುತ್ತದೆ. ನೀರನ್ನು ಮೇಲಕ್ಕೆ ಒತ್ತುವುದು ಹೊರಗಿನ ವಾಯುಭಾರ. ಲೆಕ್ಕದ ಪ್ರಕಾರ ಅದು ಸುಮಾರು 33 ಅಡಿ ಎತ್ತೀತು, ಹೊಲದಲ್ಲಿ 20–25 ಅಡಿ ಸಿಕ್ಕರೆ ಹೆಚ್ಚು. ಹಾಗಾಗಿ ಎಂಜಿನ್ನಿಗೇ ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸುವುದುಂಟು. ಅಪಾಯ ಶುರುವಾಗುವುದು ಅಲ್ಲಿಂದ.

ಇಂಧನ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಪೆಟ್ರೋಲ್, ಸೀಮೆಎಣ್ಣೆ ಎಂಜಿನ್‌ಗಳ ಹೊಗೆಯಲ್ಲಿ ಇದು ಹೆಚ್ಚು. ಸುಸ್ಥಿತಿಯ ಡೀಸೆಲ್ ಎಂಜಿನ್ ಕಡಿಮೆ ಉಗುಳುತ್ತದೆ ನಿಜ. ಆದರೆ ಬಾವಿಯಲ್ಲಿ ಅದು ತನ್ನ ಹೊಗೆಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಆಮ್ಲಜನಕ ಇಳಿದಂತೆ ಉರಿಯೂ ಕೆಡುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದೆ. ಈ ಅನಿಲ ಬರೀ ಶೇ 0.1ರಷ್ಟಿದ್ದರೂ ಉಸಿರಾಡುತ್ತ ಹೋದಂತೆ ಅರ್ಧದಷ್ಟು ಹಿಮೋಗ್ಲೋಬಿನ್ ಅದರ ವಶವಾಗುತ್ತದೆ. ಸಲಿಕೆ ಹಿಡಿದು ದುಡಿಯುವವರ ಉಸಿರು ಜೋರು, ಅವರಿಗೆ ವಿಷ ಏರುವುದೂ ಬೇಗ. ತಲೆ ಸಿಡಿಯುತ್ತದೆ, ಓಕರಿಕೆ ಬರುತ್ತದೆ, ಕಾಲಿನ ತ್ರಾಣ ಹೋಗಿ ಮೆಟ್ಟಿಲು ಹತ್ತಲಾಗುವುದಿಲ್ಲ.

ಇಳಿಯುವ ಮುನ್ನ ಕಂದೀಲು ಬಿಟ್ಟು ನೋಡುವ ರೂಢಿ ಒಳ್ಳೆಯದೇ. ಆಮ್ಲಜನಕ ತೀರಾ ಕಮ್ಮಿಯಿದ್ದರೆ ದೀಪ ಆರುತ್ತದೆ. ಆದರೆ ಶೇ 0.1ರಷ್ಟು ಕಾರ್ಬನ್ ಮೊನಾಕ್ಸೈಡ್ ಇರುವ ಗಾಳಿಯಲ್ಲಿ ಕಂದೀಲು ಉರಿಯುತ್ತಲೇ ಇರುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವ ಸಂಗತಿ ಇದು. 1890ರ ದಶಕದಲ್ಲಿ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಕಲ್ಲಿದ್ದಲು ಗಣಿಗಳಿಗೆ ಪುಟ್ಟ ಪ್ರಾಣಿ, ಪಕ್ಷಿಗಳನ್ನು ಒಯ್ಯಲು ಸೂಚಿಸಿದ್ದು ಇದಕ್ಕೇ. ಮನುಷ್ಯರಿಗಿಂತ ಮೊದಲು ಅವು ಕುಸಿಯುತ್ತವೆ.

ಬಯಲಿನಲ್ಲಿ ಭಯವಿಲ್ಲ ಎಂದುಕೊಳ್ಳುವಂತೆಯೂ ಇಲ್ಲ. ಅಮೆರಿಕದ ಪೊವೆಲ್ ಸರೋವರದಲ್ಲಿ 2000ರ ಆಗಸ್ಟ್‌ನಲ್ಲಿ ಹೌಸ್‌ಬೋಟಿನ ಹಿಂಬದಿ ಈಜುತ್ತಿದ್ದ ಇಬ್ಬರು ಸೋದರರು, ಇನ್ನೂ ಬಾಲಕರು, ಈ ಅನಿಲಕ್ಕೆ ಬಲಿಯಾದರು. ಜನರೇಟರಿನ ಹೊಗೆ ದೋಣಿಯ ಹಿಂದಿನ ಹಲಗೆಯಡಿ ನೀರಿನ ಮೇಲೆಯೇ ನಿಲ್ಲುತ್ತಿತ್ತು. ತನಿಖೆ ನಡೆಸಿದವರು ಇಂಥ ದೋಣಿಗಳ ಹೊಗೆ ಕೊಳವೆಯನ್ನು ಚಾವಣಿಗಿಂತ ಮೇಲಕ್ಕೆ ಒಯ್ಯಲು ಹೇಳಿದರು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿದ ಗೋಕಾಕಕ್ಕೂ ಈ ಪಾಠ ಸಲ್ಲುತ್ತದೆ: ಎಂಜಿನ್ ಚಾಲೂ ಇಟ್ಟು ನಿಂತ ದೋಣಿಯ ಹಿಂದಿನ ಅಂಚಿಗೆ ಮಕ್ಕಳನ್ನು ಕೂರಿಸಬಾರದು, ನೆರೆ ಇಳಿದ ಮೇಲೆ ನೆಲಮಾಳಿಗೆಯ ನೀರೆತ್ತುವ ಜನರೇಟರ್ ಮನೆಯಿಂದ ದೂರ, ಬಾಗಿಲು–ಕಿಟಕಿಗಳಿಗೆ ಹೊಗೆ ಬಾರದ ದಿಕ್ಕಿಗೆ ಇರಬೇಕು.

ಬಾವಿಗೂ ಪರಿಹಾರವಿದೆ. ಎಂಜಿನ್ ಮೇಲೆಯೇ ಇರಲಿ, ಸಬ್‌ಮರ್ಸಿಬಲ್ ಪಂಪು ಕೆಳಗಿಳಿಯಲಿ. ಅದು ನೀರನ್ನು ಕೆಳಗಿನಿಂದ ತಳ್ಳುವುದರಿಂದ 25 ಅಡಿಯ ತೊಡಕೇ ಇಲ್ಲ. ಕರೆಂಟ್ ಇಲ್ಲದಿದ್ದರೆ ಜನರೇಟರನ್ನು ಬಾವಿಯ ಬಾಯಿಂದ ದೂರ ಇಡಬೇಕು. ಎಂಜಿನ್ ಒಳಗೆ ಓಡಿದ್ದರೆ, ಬಂದ್ ಮಾಡಿದ ಮಾತ್ರಕ್ಕೆ ಗಾಳಿ ಶುದ್ಧವಾಗುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕದ್ದು, ಬೆರೆತು ಅಲ್ಲೇ ಉಳಿಯುತ್ತದೆ. ಒಳಗೆ ಒಬ್ಬರು ಬಿದ್ದರೆ ಇನ್ನೊಬ್ಬರು ಹಾಗೇ ಧುಮುಕಬಾರದು; ಉಸಿರಾಟದ ಸಲಕರಣೆಯಿರುವ ಅಗ್ನಿಶಾಮಕ ದಳದವರೇ ಇಳಿಯಬೇಕು.

ಮೇಲೆ ತಂದವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ ಅದು 98 ತೋರಿಸಬಹುದು. ನಂಬಬೇಡಿ: ಕಾರ್ಬನ್ ಮೊನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಓದುತ್ತದೆ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು, ‘ಬಾವಿಯೊಳಗೆ ಎಂಜಿನ್ ಓಡುತ್ತಿತ್ತು’ ಎಂಬುದು. ಬರೀ ಗಾಳಿಯಲ್ಲಿ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ತಾಸಿನೊಳಗೆ ಇಳಿಯುತ್ತದೆ.