ತಪ್ಪುವುದಾದರೆ ಎತ್ತ?

ಅತ್ತಿಬೆಲೆಯಲ್ಲಿ ಮನೆ ಮಾಡಿಕೊಂಡವನಿಗೆ ಗಾಲ್ಫಿನ ಹುಚ್ಚೇಕೆ ಎಂದು ನೆರೆಯವರು ಕೇಳುವುದುಂಟು. ತಮಿಳುನಾಡಿನ ಗಡಿಗೆ ಅಂಟಿಕೊಂಡ ಈ ಊರಿಗೆ ಪರಿಚಿತವಾದುವು ಲಾರಿಗಳ ಸಾಲು ಮತ್ತು ಕಾರ್ಖಾನೆಗಳ ಪಾಳಿ. ಬಿಳಿಯ ಚೆಂಡೊಂದನ್ನು ಹೊಡೆದು, ಅದರ ಹಿಂದೆಯೇ ನಡೆದು, ಮತ್ತೆ ಹೊಡೆಯುವುದರಲ್ಲಿ ಏನು ಸುಖವೋ ಎಂಬ ಪ್ರಶ್ನೆಗೆ ನನ್ನಲ್ಲಿಯೂ ತೃಪ್ತಿಕರವಾದ ಉತ್ತರವಿಲ್ಲ. ಆದರೂ ಹದಿನಾಲ್ಕು ವರ್ಷಗಳಿಂದ ಭಾನುವಾರ ನಸುಕಿನಲ್ಲೆದ್ದು, ಹೊಸೂರು ರಸ್ತೆಯ ಲಾರಿಗಳ ಸಂದಿನಲ್ಲಿ ನುಸುಳಿ ಬೆಂಗಳೂರಿನ ಮೈದಾನವೊಂದನ್ನು ಸೇರುತ್ತಿದ್ದೇನೆ. ಬೆಂಗಳೂರಿಗೆ ಈ ಆಟ ಹೊಸದೇನಲ್ಲ; ಅಲ್ಲಿಯ ಗಾಲ್ಫ್ ಕ್ಲಬ್ಬು ಸ್ಥಾಪನೆಯಾದುದು 1876ರಲ್ಲಿ.

ಆಟವನ್ನರಿಯದವರಿಗಾಗಿ ಎರಡು ಮಾತು. ಒಟ್ಟು ಹದಿನೆಂಟು ಕುಳಿಗಳು. ಒಂದೊಂದರ ಬಾಯಿ 108 ಮಿಲಿಮೀಟರು. ಯಾವ ಕುಳಿಗೆ ಎಷ್ಟು ಹೊಡೆತ ಸಲ್ಲಬೇಕೆಂಬ ನಿಗದಿಗೆ ‘ಪಾರ್’ ಎಂದು ಹೆಸರು. ಎಲ್ಲವೂ ಸೇರಿ ಸಾಮಾನ್ಯವಾಗಿ 72. ಕಡಮೆ ಹೊಡೆದವನೇ ಗೆದ್ದವನು. ನನ್ನ ಲೆಕ್ಕ ಯಾವ ಭಾನುವಾರವೂ ನೂರರಿಂದ ಕೆಳಗೆ ಇಳಿದಿರಲಿಲ್ಲ.

ಹೀಗಿರುವಾಗ ಮೂರು ವರ್ಷದ ಕೆಳಗೆ ನನ್ನ ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಮರಳಿ ಮೈದಾನಕ್ಕೆ ಹೋದಾಗ ಚೆಂಡು ಮೊದಲಿಗಿಂತ ನಲವತ್ತು ಗಜ ಹಿಂದೆಯೇ ಬೀಳತೊಡಗಿತು. ಹೋದ ದೂರವನ್ನು ತರಲೆಂದು ಇನ್ನಷ್ಟು ಬಲ ಹಾಕಿ ಬೀಸಿದೆ. ಲೆಕ್ಕ 112ಕ್ಕೆ ಏರಿತು, 115ಕ್ಕೆ ಏರಿತು. ಕೋಲುಗಳನ್ನು ಮಾರಿಬಿಡುವುದೆಂದು ನಿಶ್ಚಯಿಸಿ, ಪರಿಚಿತರೊಬ್ಬರಿಗೆ ಮಾತನ್ನೂ ಕೊಟ್ಟೆ.

ನನ್ನ ಚೀಲ ಹೊರುತ್ತಿದ್ದ ಹಿರಿಯ ಕ್ಯಾಡಿಗೆ ಈ ಸಂಗತಿ ತಿಳಿಯಿತು. ಬೆಂಗಳೂರಿನ ಕ್ಯಾಡಿಗಳನ್ನು ಬರಿಯ ಹೊರೆಯಾಳುಗಳೆಂದು ತಿಳಿಯಬಾರದು. ಒಂದು ಕಾಲಕ್ಕೆ ಅವರಲ್ಲೊಬ್ಬರಾಗಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ನನ್ನ ಕ್ಯಾಡಿ ಹೇಳಿದ್ದು ಇಷ್ಟೇ: “ತಪ್ಪೋದಂತೂ ತಪ್ಪೋದೇ ಸಾರ್. ಎತ್ತ ತಪ್ಪಬೇಕು ಅಂತ ಮೊದಲೇ ನೋಡ್ಕೊಳ್ಳಿ.”

ಆ ಮಾತು ಮನಸ್ಸಿಗಿಳಿಯಲು ಕೆಲವು ವಾರಗಳೇ ಬೇಕಾದುವು. ನಾವು ಚೆಂಡನ್ನು ಬಂದೂಕಿನ ಗುಂಡೆಂದು ಭಾವಿಸುತ್ತೇವೆ. ಗುರಿಯಿಟ್ಟಲ್ಲಿಗೇ ಹೋಗಬೇಕೆನ್ನುತ್ತೇವೆ. ವಾಸ್ತವದಲ್ಲಿ ಅದು ಚರೆಕೋವಿ. ಒಂದೇ ಕೋಲಿನಿಂದ ಹತ್ತು ಸಲ ಹೊಡೆದರೆ ಹತ್ತು ಕಡೆ ಬೀಳುತ್ತದೆ. ಆದುದರಿಂದ ಗುರಿಯಿಡಬೇಕಾದುದು ಬಾವುಟಕ್ಕಲ್ಲ, ಹತ್ತೂ ಬಿದ್ದರೂ ಹೆಚ್ಚು ಕೇಡಾಗದ ತಾಣಕ್ಕೆ. ಬಾವುಟ ಬಲಗಡೆಯ ಮರಳುಗುಂಡಿಯ ಪಕ್ಕದಲ್ಲಿದ್ದರೆ ಗ್ರೀನಿನ ನಡುವಿಗೆ ಹೊಡೆಯಬೇಕು. ಎಡಕ್ಕೆ ತಪ್ಪಿದರೂ ಹುಲ್ಲು, ಬಲಕ್ಕೆ ತಪ್ಪಿದರೆ ಬಾವುಟದ ಬಳಿಯೇ! ಮರಗಳ ನಡುವೆ ಸಿಕ್ಕಿಬಿದ್ದಾಗ ಕೊಂಬೆಗಳ ಕಿಂಡಿಯಲ್ಲಿ ಪವಾಡವನ್ನು ಹುಡುಕದೆ, ಪಕ್ಕಕ್ಕೆ ತಟ್ಟಿ ಬಯಲಿಗೆ ಬರಬೇಕು.

ಹಳೆಯ ಆಟಗಳ ಚೀಟಿಗಳನ್ನು ಮುಂದಿಟ್ಟುಕೊಂಡು ನೆನೆಯುತ್ತ ಕುಳಿತೆ. 112 ಹೊಡೆದ ದಿನ ಮೂರು ಚೆಂಡು ನೀರಿಗೆ, ಎರಡು ಎಲ್ಲೆಯ ಹೊರಗೆ. ನೀರಿಗೆ ಬಿದ್ದರೆ ಒಂದು ಹೊಡೆತದ ದಂಡ. ಎಲ್ಲೆ ದಾಟಿದರೆ ದಂಡವನ್ನೂ ತೆತ್ತು ಹಿಂದಿನ ಜಾಗದಿಂದಲೇ ಮತ್ತೆ ಹೊಡೆಯಬೇಕು. ಅಲ್ಲಿಗೇ ಏಳು ಹೊಡೆತ ಹೋಯಿತು. ಭುಜದ ತಪ್ಪು ಅದರಲ್ಲಿ ಎಷ್ಟು, ಗರ್ವದ ತಪ್ಪು ಎಷ್ಟು ಎಂದು ಕೇಳಿಕೊಂಡಾಗ ನನಗೇ ನಾಚಿಕೆಯಾಯಿತು. ನೂರರೊಳಗೆ ಬರಲು ಪವಾಡವೇನೂ ಬೇಕಿಲ್ಲ. ಒಂಬತ್ತು ಕುಳಿಗಳಲ್ಲಿ ಪಾರ್‌ಗಿಂತ ಒಂದು, ಉಳಿದ ಒಂಬತ್ತರಲ್ಲಿ ಎರಡು ಹೆಚ್ಚಾದರೂ 99!

ದೂರ ಹೊಡೆಯುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅಮೆರಿಕದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳನ್ನು ಅಳೆದು 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಆಟಗಾರರ ನಡುವಣ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಉದ್ದನೆಯ ಹೊಡೆತಗಳಿಂದಲೇ ಹುಟ್ಟುತ್ತದೆಂದು ತೋರಿಸಿದರು. ವೃತ್ತಿಪರರು ಕೂಡ ಎಂಟು ಅಡಿಯಿಂದ ಎರಡರಲ್ಲೊಂದನ್ನು ಮಾತ್ರ ಕುಳಿಗಿಳಿಸುತ್ತಾರೆಂದು ತಿಳಿದಾಗ ನನಗೆಷ್ಟೋ ಸಮಾಧಾನವಾಯಿತು.

ಆದರೆ ದೂರವಿಲ್ಲದವನು ಏನು ಮಾಡಬೇಕು? ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯುತ್ತೇನೆ. ಟೋಕಿಯೊ ಒಲಿಂಪಿಕ್ಸ್‌ಗೆ ಮುನ್ನ ಆಕೆಗೆ ಕೋವಿಡ್ ತಗುಲಿ, ಹೊಡೆತದ ಬಲ ಕುಗ್ಗಿತ್ತು. ಜಗತ್ತಿನ ಶ್ರೇಯಾಂಕದಲ್ಲಿ 200ನೆಯ ಸ್ಥಾನ. ತಾಯಿಯೇ ಚೀಲ ಹೊತ್ತಿದ್ದರು. ಜತೆಗಾರ್ತಿ ನೆಲ್ಲಿ ಕೋರ್ಡಾರ ಚೆಂಡಿಗಿಂತ ಎಷ್ಟೋ ಹಿಂದೆ ಬಿದ್ದ ತನ್ನ ಚೆಂಡಿನ ಬಳಿ ನಿಂತು, ಉದ್ದನೆಯ ಕೋಲುಗಳಿಂದ ಗ್ರೀನನ್ನು ಮುಟ್ಟಿ, ಪಟರಿನಿಂದ ಬಡ್ಡಿಸಹಿತ ವಸೂಲು ಮಾಡುತ್ತಿದ್ದರು. ನಾಲ್ಕು ದಿನಗಳಲ್ಲಿ 67, 66, 68, 68; ಒಟ್ಟು 269. ಕೋರ್ಡಾ 267, ನಡುವೆ ಇಬ್ಬರು 268. 2021ರ ಆಗಸ್ಟ್ 7ರಂದು ಕಡೆಯ ಕುಳಿಯ ಬಳಿ ಆ ಚೆಂಡು ಒಳಗಿಳಿಯದೆ ಹೋದಾಗ, ಗಾಲ್ಫ್ ಎಂದರೇನೆಂದು ಅರಿಯದ ನನ್ನ ಪತ್ನಿಯೂ ದೂರದರ್ಶನದ ಮುಂದೆ ‘ಅಯ್ಯೋ’ ಎಂದಳು. ಒಂದೇ ಹೊಡೆತದಲ್ಲಿ ಪದಕ ತಪ್ಪಿತು.

ನನ್ನದು ಅಂಥ ಕಥೆಯಲ್ಲ. ಕಳೆದ ಫಾಲ್ಗುಣದ ಒಂದು ಭಾನುವಾರ ಹದಿನೇಳು ಕುಳಿ ಮುಗಿದಾಗ ನನ್ನ ಲೆಕ್ಕ 93. ಕಡೆಯದು ಪಾರ್ ನಾಲ್ಕರ ಕುಳಿ. ಮೊದಲ ಹೊಡೆತ ನೆಟ್ಟಗೆ ಹೋಯಿತು. ಮುಂದೆ ಕೆರೆ, ಅದರಾಚೆ ಗ್ರೀನು, ದಾಟಬೇಕಾದುದು 170 ಗಜ. ನನ್ನ ಕೈಲಾಗುವುದು ಪುಣ್ಯಕಾಲದಲ್ಲಿ 150. ಜತೆಗಾರರು ನೋಡುತ್ತಿದ್ದರು. ಕೈ ತಾನಾಗಿಯೇ ದೊಡ್ಡ ಕೋಲಿನತ್ತ ಹೋಯಿತು. ಕ್ಯಾಡಿ ಏನೂ ಹೇಳದೆ ಚೀಲವನ್ನು ತುಸು ಆಚೆಗೆ ತಿರುಗಿಸಿ ನಿಂತ. ಎದುರಿಗೆ ಬಂದದ್ದು ಗಿಡ್ಡ ಕೋಲು. ಕೆರೆಯ ಈಚೆಗೆ ಒಂದು ಹೊಡೆತ, ನೀರು ದಾಟಿ ಗ್ರೀನಿನ ನಡುವಿಗೆ ಇನ್ನೊಂದು. ಅಲ್ಲಿಂದ, ನಾಚಿಕೆಬಿಟ್ಟು ಹೇಳುತ್ತೇನೆ, ಮೂರು ಪಟ್ಟುಗಳು. ಆರಾಯಿತು. 99.

“ಒಂದು ಪಟ್ಟು ಕಮ್ಮಿ ಮಾಡ್ಬಹುದಿತ್ತು” ಎಂದ ಕ್ಯಾಡಿ, ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸುತ್ತ.

ಸಂಜೆ ಅತ್ತಿಬೆಲೆಗೆ ಮರಳಿದಾಗ, ಕೋಲುಗಳನ್ನು ಕೊಳ್ಳುತ್ತೇನೆಂದಿದ್ದ ಪರಿಚಿತರು ಬಹುದಿನಗಳ ಮೇಲೆ ದೂರವಾಣಿ ಮಾಡಿದರು. ಈ ಮಳೆಗಾಲ ಕಳೆಯಲಿ ಎಂದೆ.