ತಟ್ಟೆ ಎಸೆಯೋಣ, ಬುಟ್ಟಿಗೆ ಹಾಕೋಣ

ಆಟ ಅಂದರೆ ಮಕ್ಕಳಿಗೆ. ಇಲ್ಲವೇ ಗಂಡಸರಿಗೆ. ಹೀಗೆ ಹೇಳುವವರು ಬಹಳ ಜನ. ಮದುವೆಯಾದ ಹೆಂಗಸು ಆಡಲು ನಿಂತರೆ ನಗುತ್ತಾರೆ. "ಇವಳಿಗೇನು ಮನೇಲಿ ಕೆಲಸ ಇಲ್ವಾ?" ಅಂತಾರೆ.

ಅಕ್ಕಂದಿರೇ, ತಂಗಿಯರೇ, ಆಟ ಎಲ್ಲರಿಗೂ ಬೇಕು. ದಿನವೆಲ್ಲ ದುಡಿಯುವ ಮೈಗೆ ಬೇಕು. ಚಿಂತೆ ತುಂಬಿದ ಮನಸ್ಸಿಗೂ ಬೇಕು.

ಹೆಚ್ಚು ದುಡ್ಡು ಬೇಡದ, ವಯಸ್ಸು ನೋಡದ ಒಂದು ಆಟದ ವಿಷಯ ಇಲ್ಲಿದೆ. ಅದು ಅಮೆರಿಕ ದೇಶದಲ್ಲಿ ಬೆಳೆದ ಆಟ. ಹೆಸರು ಡಿಸ್ಕ್ ಗಾಲ್ಫ್. ಡಿಸ್ಕ್ ಅಂದರೆ ದುಂಡನೆಯ ತಟ್ಟೆ. ಗಾಲ್ಫ್ ಅಂದರೇನು?

ಗಾಲ್ಫ್ ಒಂದು ಹಳೆಯ ಆಟ. ಕೋಲಿನಿಂದ ಪುಟ್ಟ ಚೆಂಡನ್ನು ಹೊಡೆಯಬೇಕು. ದೂರದ ಗುಳಿಗೆ ಅದನ್ನು ಬೀಳಿಸಬೇಕು. ಅದಕ್ಕೆ ಎಕರೆಗಟ್ಟಲೆ ಹುಲ್ಲಿನ ನೆಲ ಬೇಕು. ಹುಲ್ಲಿಗೆ ಬೇಕಾದಷ್ಟು ನೀರು ಬೇಕು. ನಮ್ಮ ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ. ಆದರೆ ಇಂಥ ಕ್ಲಬ್ಬುಗಳಲ್ಲಿ ಆಡಲು ಹಣ ಬೇಕು. ಬಡವರಿಗೆ ಅದು ದೂರದ ಮಾತು.

ಡಿಸ್ಕ್ ಗಾಲ್ಫ್ ಹಾಗಲ್ಲ. ಇಲ್ಲಿ ಕೋಲಿಲ್ಲ, ಚೆಂಡಿಲ್ಲ. ಪ್ಲಾಸ್ಟಿಕ್ ತಟ್ಟೆಯನ್ನು ಕೈಯಿಂದ ಎಸೆಯುವುದು. ಕಂಬಕ್ಕೆ ಕಟ್ಟಿದ ಬುಟ್ಟಿಗೆ ಹಾಕುವುದು. ಊರಿನ ಪಾರ್ಕೇ ಆಟದ ಬಯಲು. ಅಲ್ಲಿನ ಹೆಚ್ಚಿನ ಪಾರ್ಕುಗಳಲ್ಲಿ ಆಡಲು ಕಾಸು ಕೊಡಬೇಕಾಗಿಲ್ಲ.

ಅಡುಗೆಮನೆಯಿಂದ ಬಂದ ತಟ್ಟೆ

ಈ ತಟ್ಟೆಯ ಕಥೆ ಚೆನ್ನಾಗಿದೆ. 1937ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೆಡ್ ಮಾರಿಸನ್ ಎಂಬ ಹುಡುಗನಿದ್ದ. ಲುಸೀಲ್ ಎಂಬ ಹುಡುಗಿ ಇದ್ದಳು. ಮುಂದೆ ಇಬ್ಬರೂ ಮದುವೆಯಾದರು. ಅವರು ಡಬ್ಬಿಯ ಮುಚ್ಚಳವೊಂದನ್ನು ಎಸೆದು ಆಡುತ್ತಿದ್ದರು. ಮುಚ್ಚಳ ಬೇಗ ನೆಗ್ಗಿಹೋಯಿತು. ಆಮೇಲೆ ಕೇಕ್ ಮಾಡುವ ತಗಡಿನ ತಟ್ಟೆ ತಂದರು. ಅದು ಇನ್ನೂ ಚೆನ್ನಾಗಿ ಹಾರಿತು.

ಒಂದು ದಿನ ಸಮುದ್ರದ ದಂಡೆಯಲ್ಲಿ ಆಡುತ್ತಿದ್ದರು. ನೋಡಿದವರೊಬ್ಬರು ಆ ತಟ್ಟೆಗೆ 25 ಸೆಂಟ್ ಕೊಡುತ್ತೇನೆ ಎಂದರು. ನಮ್ಮ ರೂಪಾಯಿಗೆ 100 ಪೈಸೆ ಇದ್ದಂತೆ ಅವರ ಡಾಲರಿಗೆ 100 ಸೆಂಟ್. ಆ ತಟ್ಟೆಗೆ ಅಂಗಡಿಯಲ್ಲಿ ಬರೀ 5 ಸೆಂಟ್! ಇಬ್ಬರೂ ತಟ್ಟೆ ಕೊಂಡು ತಂದು ಮಾರತೊಡಗಿದರು.

ಮುಂದೆ ಮಾರಿಸನ್ ಪ್ಲಾಸ್ಟಿಕ್ ತಟ್ಟೆ ಮಾಡಿದ. 1957ರಲ್ಲಿ ಒಂದು ಆಟಿಕೆ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಫ್ರಿಸ್ಬೀ ಎಂದು ಹೆಸರಾಯಿತು. ಅಡುಗೆಮನೆಯ ತಟ್ಟೆ ಲೋಕವನ್ನೆಲ್ಲ ಸುತ್ತಿತು.

ಮೊದಲ ಪಾರ್ಕು

ಅದೇ ಕಂಪನಿಯಲ್ಲಿ ಎಡ್ ಹೆಡ್ರಿಕ್ ಎಂಬವರು ಕೆಲಸ ಮಾಡುತ್ತಿದ್ದರು. 1975ರಲ್ಲಿ ಅವರು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಈ ಆಟಕ್ಕೆ ಜಾಗ ಮಾಡಿಸಿದರು. ಓಕ್ ಎಂಬುದು ಒಂದು ಜಾತಿಯ ದೊಡ್ಡ ಮರ. ಪಾರ್ಕಿನ ಪಕ್ಕದಲ್ಲಿ ಹಳ್ಳ. ಮರಗಳ ನಡುವೆ ಮಣ್ಣಿನ ದಾರಿ. ಡಿಸ್ಕ್ ಗಾಲ್ಫಿಗೆ ಕಾಯಂ ಆಗಿ ಸಿಕ್ಕ ಮೊದಲ ಬಯಲು ಇದೇ ಎನ್ನುತ್ತಾರೆ.

ಮೊದಲು ಅಲ್ಲಿ ಬರೀ ಕಂಬ ನೆಟ್ಟಿದ್ದರು. ತಟ್ಟೆ ಕಂಬಕ್ಕೆ ತಾಗಬೇಕಿತ್ತು. "ತಾಗಿತು" ಅಂತ ಒಬ್ಬರು. "ತಾಗಲಿಲ್ಲ" ಅಂತ ಇನ್ನೊಬ್ಬರು. ಜಗಳವೋ ಜಗಳ! ಹೆಡ್ರಿಕ್ ಇದಕ್ಕೆ ಒಂದು ಉಪಾಯ ಹುಡುಕಿದರು. ಕಂಬದ ಮೇಲಿನಿಂದ ಸುತ್ತಲೂ ಸರಪಳಿ ಇಳಿಬಿಟ್ಟರು. ಕೆಳಗೆ ಕಬ್ಬಿಣದ ಬುಟ್ಟಿ ಕಟ್ಟಿದರು. ತಟ್ಟೆ ಸರಪಳಿಗೆ ಬಡಿಯುತ್ತದೆ. ಝಣ್ ಎಂದು ಸದ್ದಾಗುತ್ತದೆ. ಆಮೇಲೆ ಬುಟ್ಟಿಗೆ ಬೀಳುತ್ತದೆ. ಬುಟ್ಟಿಯಲ್ಲಿ ನಿಂತರೆ ಲೆಕ್ಕಕ್ಕೆ ಬಂತು. ಜಗಳ ಮುಗಿಯಿತು.

ಈಗ ಲೋಕದಲ್ಲಿ ಇಂಥ 10 ಸಾವಿರಕ್ಕೂ ಹೆಚ್ಚು ಬಯಲುಗಳಿವೆ.

ಆಡುವುದು ಹೇಗೆ?

ಒಂದು ಪಾರ್ಕಿನಲ್ಲಿ 9 ಅಥವಾ 18 ಬುಟ್ಟಿಗಳಿರುತ್ತವೆ. ಒಂದೊಂದು ಬುಟ್ಟಿಗೂ ಎಸೆಯಲು ಒಂದು ಕಟ್ಟೆ ಇರುತ್ತದೆ. ಕಟ್ಟೆಯ ಹತ್ತಿರ ಒಂದು ಹಲಗೆ. ಅದರ ಮೇಲೆ ಬುಟ್ಟಿಯ ನಂಬರು, ದೂರ ಬರೆದಿರುತ್ತಾರೆ. ದೂರ ಸಾಮಾನ್ಯವಾಗಿ 60ರಿಂದ 120 ಮೀಟರ್. ಹಲಗೆ ಓದಿಕೊಂಡೇ ಆಟ ಶುರು.

ಮೊದಲು ಕಟ್ಟೆಯಿಂದ ಎಸೆಯಿರಿ. ತಟ್ಟೆ ಎಲ್ಲಿ ಬಿತ್ತೋ ಅಲ್ಲಿಗೆ ನಡೆಯಿರಿ. ಅಲ್ಲಿಂದಲೇ ಮತ್ತೆ ಎಸೆಯಿರಿ. ತಟ್ಟೆ ಬುಟ್ಟಿಗೆ ಬೀಳುವ ತನಕ ಹೀಗೇ. ಬುಟ್ಟಿಗೆ ಯಾರು ದೂರ ಇದ್ದಾರೋ ಅವರು ಮೊದಲು ಎಸೆಯಬೇಕು. ಗೆರೆ ದಾಟಿ ಹೊರಗೆ ಬಿದ್ದರೆ ಒಂದು ಎಸೆತ ಹೆಚ್ಚು ಸೇರುತ್ತದೆ.

ಎಸೆಯಲು ಬಲ ಒಂದೇ ಸಾಲದು. ಮಣಿಕಟ್ಟು ತಿರುಗಬೇಕು. ತಟ್ಟೆಯ ಅಂಚನ್ನು ಹಿಡಿಯಿರಿ. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ. ಕೈಯನ್ನು ಎದೆಯ ಹತ್ತಿರ ತಂದು ಮುಂದಕ್ಕೆ ಬೀಸಿ. ಬಿಡುವಾಗ ತಟ್ಟೆ ಗಿರ್ರನೆ ತಿರುಗಬೇಕು. ಬುಗುರಿ ತಿರುಗುವಾಗ ನೆಟ್ಟಗೆ ನಿಲ್ಲುತ್ತದೆ, ಅಲ್ವೇ? ತಿರುಗುವುದು ನಿಧಾನವಾದರೆ ವಾಲುತ್ತದೆ. ತಟ್ಟೆಯೂ ಹಾಗೇ. ತಿರುಗಿದರೆ ತೇಲುತ್ತದೆ. ತಿರುಗದಿದ್ದರೆ ದೊಪ್ಪನೆ ಬೀಳುತ್ತದೆ.

ದೂರ ಎಸೆಯುವ ತಟ್ಟೆಗೆ ಅಂಚು ತೆಳು. ಹತ್ತಿರದಿಂದ ಬುಟ್ಟಿಗೆ ಹಾಕುವ ತಟ್ಟೆಗೆ ಅಂಚು ಮೊಂಡು. ಹೊಸಬರಿಗೆ ಒಂದೇ ತಟ್ಟೆ ಸಾಕು.

ಲೆಕ್ಕ ಬರೆಯೋಣ

ಈ ಆಟದಲ್ಲಿ ಕಡಿಮೆ ಎಸೆದವರೇ ಗೆದ್ದ ಹಾಗೆ. ಪ್ರತಿ ಬುಟ್ಟಿಗೆ ಎಷ್ಟು ಎಸೆತ ಬೇಕಾಯಿತು ಎಂದು ಚೀಟಿಯಲ್ಲಿ ಬರೆಯುತ್ತಾರೆ. ಕೊನೆಗೆ ಕೂಡುತ್ತಾರೆ. ಒಬ್ಬಾಕೆ 9 ಬುಟ್ಟಿ ಆಡಿದಳು ಅನ್ನಿ. ಅವಳ ಚೀಟಿ ಹೀಗಿದೆ:

3, 4, 3, 5, 4, 3, 4, 3, 4

ಕೂಡಿ ನೋಡಿ. 33 ಬಂತೇ? ಒಂದೊಂದು ಬುಟ್ಟಿಗೂ 3 ಎಸೆತ ಎಂದು ಹಲಗೆಯಲ್ಲಿ ಬರೆದಿದ್ದರೆ, 9 ಬುಟ್ಟಿಗೆ 27 ಆಯಿತು. ಅವಳಿಗೆ 6 ಎಸೆತ ಹೆಚ್ಚು ಬೇಕಾಯಿತು. ಮುಂದಿನ ವಾರ 32 ಬಂದರೆ? ಅವಳು ತನ್ನನ್ನೇ ಗೆದ್ದಳು! ಬೇರೆಯವರನ್ನು ಸೋಲಿಸಲೇಬೇಕು ಅಂತಿಲ್ಲ. ಒಬ್ಬರೇ ಆಡಿದರೂ ಆಟವೇ.

ಪಾರ್ಕು ಎಲ್ಲರದು

ಪಾರ್ಕಿಗೆ ಆಡುವವರಷ್ಟೇ ಬರುವುದಿಲ್ಲ. ಮುದುಕರು ಬರುತ್ತಾರೆ. ಮಕ್ಕಳು ಓಡುತ್ತಾರೆ. ತಟ್ಟೆ ಗಟ್ಟಿ. ಮುಖಕ್ಕೆ ಬಡಿದರೆ ಗಾಯ ಆದೀತು. ಅದಕ್ಕೇ ಒಂದು ಕಟ್ಟುಪಾಡು ಇದೆ. ದಾರಿಯಲ್ಲಿ ಜನ ಇದ್ದರೆ ಎಸೆಯಬಾರದು. ಅವರು ದಾಟುವ ತನಕ ಕಾಯಬೇಕು. ತಟ್ಟೆ ಯಾರ ಕಡೆಗಾದರೂ ಹೋದರೆ ಕೂಗಿ ಎಚ್ಚರಿಸಬೇಕು.

ಮರಕ್ಕೂ ನೋವಾಗುತ್ತದೆ. ತಟ್ಟೆ ಬಡಿದು ಬಡಿದು ತೊಗಟೆ ಕೀಳುತ್ತದೆ. ಜನ ಒಂದೇ ಕಡೆ ತುಳಿದರೆ ಹುಲ್ಲು ಸಾಯುತ್ತದೆ. ಮಣ್ಣು ಕೊಚ್ಚಿಹೋಗಿ ಬೇರು ಕಾಣುತ್ತದೆ. ಅದಕ್ಕೇ ಬುಟ್ಟಿಗಳ ಜಾಗವನ್ನು ಆಗಾಗ ಬದಲಿಸುತ್ತಾರೆ. ನೆಲಕ್ಕೆ ಮರದ ಚಕ್ಕೆ ಹರಡುತ್ತಾರೆ. ಎಷ್ಟೋ ಕಡೆ ಆಡುವವರೇ ಸೇರಿ ಕಸ ಹೆಕ್ಕುತ್ತಾರೆ. ಪುಕ್ಕಟೆ ಸಿಕ್ಕ ಜಾಗವನ್ನು ಕಾಪಾಡುವುದು ಆಡುವವರ ಕೆಲಸ.

ಹೆಂಗಸರು ಎಲ್ಲಿ?

ಈ ಆಟಕ್ಕೆ ದುಡ್ಡು ಅಡ್ಡಿಯಿಲ್ಲ. ವಯಸ್ಸೂ ಅಡ್ಡಿಯಿಲ್ಲ. ಪಂದ್ಯಗಳಲ್ಲಿ 40, 50, 60 ವರ್ಷ ದಾಟಿದ ಹೆಂಗಸರಿಗೆ ಬೇರೆ ಬೇರೆ ವಿಭಾಗಗಳೇ ಇವೆ. ಹಾಗಿದ್ದರೂ ಅಮೆರಿಕದಲ್ಲಿ ಆಡುವವರಲ್ಲಿ ಗಂಡಸರೇ ಹೆಚ್ಚು. ಯಾಕೆ? ಹೆಂಗಸರಿಗೆ ಬಿಡುವು ಕಡಿಮೆ. ಮರಗಳ ನಡುವೆ ಒಬ್ಬಳೇ ಹೋಗಲು ಅಳುಕು. ಗಂಡಸರ ಗುಂಪಿನ ಮುಂದೆ ಎಸೆಯಲು ನಾಚಿಕೆ. ಈ ಮಾತು ನಮಗೂ ಗೊತ್ತಿರುವುದೇ, ಅಲ್ವೇ?

ಅಲ್ಲಿನ ಹೆಂಗಸರು ಕೈಕಟ್ಟಿ ಕೂರಲಿಲ್ಲ. ಗುಂಪು ಕಟ್ಟಿಕೊಂಡರು. ವಾರಕ್ಕೆ ಒಂದು ಸಂಜೆ ತಮಗೆಂದು ಗೊತ್ತುಮಾಡಿಕೊಂಡರು. ಬಂದವರು ಹೊಸಬರಿಗೆ ಕಲಿಸುತ್ತಾರೆ. ನಾಲ್ಕು ಜನ ಇದ್ದರೆ ಅಳುಕಿಲ್ಲ. 2012ರಲ್ಲಿ ಇನ್ನೊಂದು ಕೆಲಸ ಆಯಿತು. ಬೇರೆ ಬೇರೆ ಊರುಗಳ ಹೆಂಗಸರು ಮೇ ತಿಂಗಳ ಒಂದೇ ದಿನ ಆಡಿದರು. ತಮ್ಮ ತಮ್ಮ ಪಾರ್ಕಿನಲ್ಲೇ ಆಡಿ ಲೆಕ್ಕ ಕಳಿಸಿದರು. ದೂರ ಹೋಗುವ ಖರ್ಚಿಲ್ಲದೆ ಎಲ್ಲರೂ ಒಂದೇ ಪಂದ್ಯ ಆಡಿದ ಹಾಗಾಯಿತು.

ಎಸ್ಟೋನಿಯಾ ಯೂರೋಪಿನ ಒಂದು ಪುಟ್ಟ ದೇಶ. ಅಲ್ಲಿನ ಕ್ರಿಸ್ಟಿನ್ ಟಟ್ಟರ್ ಎಂಬ ಹೆಣ್ಣುಮಗಳು 2022 ಮತ್ತು 2023ರಲ್ಲಿ ಲೋಕದ ಪಂದ್ಯ ಗೆದ್ದಳು. ಆಟ ಬೆಳೆದ ಅಮೆರಿಕಕ್ಕೇ ಹೋಗಿ ಗೆದ್ದಳು.

ನಮ್ಮೂರಲ್ಲಿ ಈ ಆಟದ ಬುಟ್ಟಿ ಇಲ್ಲದಿರಬಹುದು. ಆದರೆ ಪಾರ್ಕು ಇದೆ, ಶಾಲೆಯ ಬಯಲಿದೆ. ಸಂಜೆಯ ಒಂದು ಗಂಟೆ ಇದೆ. ಆ ಬಯಲು ನಮ್ಮದೂ ಹೌದು. ಆ ಗಂಟೆಯನ್ನು ಕೇಳಿ ಪಡೆಯುವುದು ತಪ್ಪಲ್ಲ.

ಗುಂಪಿನಲ್ಲಿ ಮಾತನಾಡಿ

1. ಮದುವೆಗೆ ಮೊದಲು ನೀವು ಯಾವ ಆಟ ಆಡುತ್ತಿದ್ದಿರಿ? ಯಾವಾಗ ಬಿಟ್ಟಿರಿ? ಯಾಕೆ?
2. ನಿಮ್ಮೂರಿನ ಬಯಲಿಗೆ ಹೆಂಗಸರು ಯಾವ ಹೊತ್ತಿನಲ್ಲಿ ಹೋಗುತ್ತಾರೆ? ಹೋಗದಿದ್ದರೆ ಏನು ಅಡ್ಡಿ?
3. ಒಬ್ಬಳ ಚೀಟಿಯಲ್ಲಿ 4, 3, 5, 3, 4, 4, 3, 3, 5 ಎಂದಿದೆ. ಒಟ್ಟು ಎಷ್ಟು? 33 ಎಸೆದವಳಿಗೂ ಇವಳಿಗೂ ಎಷ್ಟು ವ್ಯತ್ಯಾಸ?